ಸೀರಿಯಲ್‌ನಲ್ಲಿ ಸತ್ತ ಕೂಸು

ಆಗ ನನಗೆ ಐವತ್ತೆರಡು. ಹದಿನೇಳು ವರ್ಷದ ಹಿಂದಿನ ಮಾತು. ಜನ ಅತ್ತು ಅತ್ತು ನೋಡಿದ ಆ ತೆಲುಗು ಸೀರಿಯಲ್‌ನಲ್ಲಿ ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರಲ್ಲ ಒಂದು ಸತ್ತ ಕೂಸು — ಅದು ಗೊಂಬೆ ಅಲ್ಲ. ಉಸಿರಾಡುವ ಕೂಸು. ಅದನ್ನು ಹೆಣದ ಹಾಗೆ ಮಲಗಿಸುತ್ತಾರೆ ಅಂತ ಹೆತ್ತವಳಿಗೆ ಗೊತ್ತಿರಲಿಲ್ಲ. ಗೊತ್ತಿತ್ತು ಅಂತ ಹತ್ತು ಜನರ ಮುಂದೆ ಹೇಳಿದವಳು ನಾನು.

ಸುಳ್ಳು ಹೇಳಿದೆ. ಅದಕ್ಕೆ ಬೇರೆ ಹೆಸರಿಲ್ಲ.

ನನ್ನ ಹೆಸರು ಅಂಬಮ್ಮ. ಮಾನ್ವಿ ಕಡೆಯವಳು. ಮೂರನೇ ಇಯತ್ತೆಯ ತನಕ ಊರ ಶಾಲೆಯಲ್ಲಿ ಕೂತಿದ್ದೆ, ಆಮೇಲೆ ಕೂಡಲಿಲ್ಲ. ಅಕ್ಷರ ಒಂದೊಂದಾಗಿ ಕೂಡಿಸಿ ಬರೆಯಬೇಕು, ಕೈ ನೋಯುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆ ಅಂದರೆ ನನ್ನ ಬಾಯನ್ನು ನಾನೇ ನಂಬುವುದಿಲ್ಲ. ಹೋದ ತಿಂಗಳು ಇದೇ ಬಾಯಿ ಇನ್ನೊಂದು ಸಲ ಅದೇ ಕೆಲಸ ಮಾಡಿತು — ಅದನ್ನು ಆಮೇಲೆ ಹೇಳುತ್ತೇನೆ.

ಹುಲಿಗಿ, ಆ ಕೂಸು ನೀನು. ಇದು ನಿನಗೆ. ನಿನಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನಗೆ ತೆಲುಗು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಹಾಗಾಗಿ ಬರೆದದ್ದನ್ನು ಓದಿ ಹೇಳುವ ಕೆಲಸವೂ ನನಗೇ ಬಂತು. ಆದರೆ ಹತ್ತು ಜನರ ಮುಂದೆ ನಿನ್ನ ಅವ್ವನ ಮೇಲೆ ಹಾಕಿದ್ದನ್ನು ನಿನ್ನೊಬ್ಬಳ ಕಿವಿಯಲ್ಲಿ ತೆಗೆದರೆ ಸಾಲದು. ಓದುವವರೆಲ್ಲ ಓದಲಿ.

ನನ್ನ ಕೆಲಸ ಕೂಸು ತರುವುದು. ನಗಬೇಡಿ, ಅಂಥ ಕೆಲಸವೂ ಇತ್ತು. ಮೊದಲು ಸ್ಟುಡಿಯೋಕ್ಕೆ ಹೋದದ್ದು ಊಟದ ಪಾತ್ರೆ ತೊಳೆಯಲು. ಒಂದು ದಿನ ಯಾರದೋ ಕೂಸು ಸೆಟ್ಟಿನಲ್ಲಿ ಕಿರುಚಿ ಕಿರುಚಿ ನೀಲಿಯಾಗುತ್ತಿತ್ತು. ಕೈ ತೊಳೆದುಕೊಂಡು ಹೋಗಿ ಎತ್ತಿಕೊಂಡೆ, ಸುಮ್ಮನಾಯಿತು. ಮ್ಯಾನೇಜರ್ ನೋಡಿದ. ಆವತ್ತಿನಿಂದ ನಾನು ಎಲ್ಲರಿಗೂ ಪೆದ್ದಮ್ಮ, ತೆಲುಗಿನಲ್ಲಿ ದೊಡ್ಡಮ್ಮ ಅಂತ. ಕೂಸು ಬೇಕಾದಾಗೆಲ್ಲ ಫೋನು ನನಗೆ ಬರುತ್ತಿತ್ತು — ನಿಮ್ಮವರಲ್ಲಿ ಎಳೆಗೂಸು ಇದೆಯಾ ಪೆದ್ದಮ್ಮಾ?

ನಮ್ಮವರಲ್ಲಿ ಕೂಸಿಗೆ ಏನು ಬರ. ಆಗ ಈ ತೆಲುಗರ ಶಹರದ ಕೊಂಡಾಪುರದಲ್ಲಿ ಎತ್ತ ನೋಡಿದರೂ ಅಪಾರ್ಟ್‌ಮೆಂಟು ಏಳುತ್ತಿತ್ತು. ಅವುಗಳ ಬೆನ್ನಿಗೆ ತಗಡಿನ ಶೆಡ್ಡುಗಳು. ರಾಯಚೂರು, ಯಾದಗಿರಿ, ಲಿಂಗಸೂಗೂರು ಕಡೆಯಿಂದ ಬಂದ ಗಂಡ ಹೆಂಡತಿ ಇಬ್ಬರೂ ಸಿಮೆಂಟು ಹೊರುತ್ತಿದ್ದರು, ಕೂಸು ಸೀರೆಯ ಜೋಳಿಗೆಯಲ್ಲಿ ತೂಗುತ್ತಿತ್ತು. ನಾನು ಅದೇ ಶೆಡ್ಡುಗಳ ಬಸ್ತಿಯ ಅಂಚಿನಲ್ಲಿ ಒಂದು ಕೋಣೆಯಲ್ಲಿದ್ದೆ. ಗಂಡ ತೀರಿಕೊಂಡು ಬಹಳ ದಿನವಾಗಿತ್ತು.

ಆ ಸೀರಿಯಲ್ ವರ್ಷಾನುಗಟ್ಟಲೆ ನಡೆಯಿತು. ಈಗ ಅದರ ತುಂಡು ತುಂಡು ಫೋನಿನಲ್ಲಿ ಬರುತ್ತದಂತೆ, ತೆರೆಯ ಹಿಂದೆ ಏನಾಯಿತು ಅಂತ ಕೇಳುವವರು ಬಹಳ ಜನ ಇದ್ದಾರಂತೆ. ಕೇಳಿ, ಹೇಳುತ್ತೇನೆ. ಆ ಮಹಲಿನ ದೊಡ್ಡ ಮೆಟ್ಟಿಲು ಹತ್ತಿ ಹೋದರೆ ಮೇಲೆ ಏನೂ ಇರಲಿಲ್ಲ — ಒಂದು ಹಲಗೆ, ಅದರ ಮೇಲೆ ಕೂತು ಲೈಟಿನವರು ಬೀಡಿ ಸೇದುತ್ತಿದ್ದರು. ದೇವರ ಮನೆಯ ಕಂಬ ಥರ್ಮಾಕೋಲು, ಒರಗಿದರೆ ಬಯ್ಯುತ್ತಿದ್ದರು. ಆ ದೊಡ್ಡ ಮನೆತನ ಹರಕೆ ಹೊತ್ತು ಹೊತ್ತು ಪಡೆದ ಗಂಡು ಕೂಸು ಇತ್ತಲ್ಲ, ಅದು ಒಂದು ದಿನವೂ ಗಂಡಾಗಿರಲಿಲ್ಲ. ಗಂಡು ಕೂಸನ್ನು ಕ್ಯಾಮೆರಾ ಮುಂದೆ ಇಟ್ಟರೆ ದೃಷ್ಟಿ ತಾಗುತ್ತದೆ ಅಂತ ನಮ್ಮ ಶೆಡ್ಡಿನ ಅತ್ತೆಯರು ಬಿಡುತ್ತಿರಲಿಲ್ಲ. ಹೆಣ್ಣಾದರೆ — ಒಯ್ಯಿ ಅನ್ನುತ್ತಿದ್ದರು. ಇನ್ನೊಂದು, ಸೀರಿಯಲ್‌ನಲ್ಲಿ ದಿನ ಮುಂದೆ ಹೋಗುವುದಿಲ್ಲ, ಕೂಸು ಮಾತ್ರ ಬೆಳೆಯುತ್ತದೆ. ಒಂದೇ ಹಬ್ಬವನ್ನು ವಾರಗಟ್ಟಲೆ ಎಳೆಯುತ್ತಾರೆ, ಅಷ್ಟರಲ್ಲಿ ಕೂಸಿಗೆ ಹಲ್ಲು ಬಂದಿರುತ್ತದೆ. ಆಗ ನಾನು ಇನ್ನೊಂದನ್ನು ತರುತ್ತಿದ್ದೆ. ಮನೆಯಲ್ಲಿ ಕೂತು ನೋಡಿದವರಿಗೆ ಗೊತ್ತಾಗಲಿಲ್ಲ. ಗೊತ್ತಾಗಲು ಅವರು ಕೂಸಿನ ಮುಖ ಎಲ್ಲಿ ನೋಡುತ್ತಿದ್ದರು, ತಾಯಿಯ ಒಡವೆ ನೋಡುತ್ತಿದ್ದರು.

ನನ್ನದೇ ಒಂದು ಪದ್ಧತಿ ಇತ್ತು. ತಾಯಿಯನ್ನು ಒಳಗೆ ಬಿಡುವುದಿಲ್ಲ. ತಾಯಿ ಹತ್ತಿರದಲ್ಲಿದ್ದರೆ ಕೂಸಿಗೆ ಹಾಲಿನ ವಾಸನೆ ಬಡಿಯುತ್ತದೆ, ಆ ಕಡೆಗೇ ಕತ್ತು ತಿರುಗಿಸಿ ಅಳುತ್ತದೆ. ಅದಕ್ಕೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಬರುತ್ತಿದ್ದೆ. ಕೂಸು ಮಲಗಿರುವ ಸೀನು ಇದ್ದರೆ ಇನ್ನೊಂದು ಉಪಾಯ — ಬೆಳಿಗ್ಗೆ ಎಣ್ಣೆ ಹಚ್ಚಿ ತಲೆಯಿಂದ ಎರೆಸಿ ತರುವುದು. ಬಿಸಿನೀರು ಎರೆದ ಕೂಸು ಎಷ್ಟು ಲೈಟು ಹಾಕಿದರೂ ಏಳುವುದಿಲ್ಲ.

ಒಳಗೆ ಏನು ತೆಗೆದರು ಅಂತ ಯಾವ ತಾಯಿಯೂ ನೋಡಿದವಳಲ್ಲ. ನಾನು ಹೇಳಿದ್ದೇ ಅವರಿಗೆ ಕಂಡದ್ದು. ಈ ಮಾತು ನೆನಪಿಡಿ.

ಮರೆಮ್ಮ ಲಿಂಗಸೂಗೂರು ಕಡೆಯವಳು. ಇಪ್ಪತ್ತು ತುಂಬಿರಲಿಕ್ಕಿಲ್ಲ. ಮೊದಲ ಕೂಸು ಊರಿನಲ್ಲೇ ಹೋಗಿತ್ತು, ಹಲ್ಲು ಬರುವ ಮುಂಚೆ. ಎರಡನೆಯದು ನೀನು, ಹುಲಿಗಿ. ನಿನ್ನ ಅಪ್ಪನ ತಾಯಿ ದುರುಗಮ್ಮ ಹುಲಿಗೆಮ್ಮನಿಗೆ ಹರಕೆ ಹೊತ್ತು ಆ ಹೆಸರು ಇಟ್ಟಳು. ಕೊರಳಿಗೆ ಕರಿದಾರ, ಕೆನ್ನೆಗೆ ಕಾಡಿಗೆ ಬೊಟ್ಟು, ಪಾದಕ್ಕೂ ಒಂದು. ಮರೆಮ್ಮ ನಿನ್ನನ್ನು ನನ್ನ ಕೈಗೆ ಕೊಡುವಾಗೆಲ್ಲ ಆ ಬೊಟ್ಟನ್ನು ಇನ್ನೊಂದು ಸಲ ತೀಡಿ ಕೊಡುತ್ತಿದ್ದಳು. ನಿನ್ನ ಪಾಲಿನ ಸೀನುಗಳು ಆಗಲೇ ಒಂದಷ್ಟು ಆಗಿದ್ದವು. ಟೀವಿಯಲ್ಲಿ ನೀನು ಬಂದಾಗ ದುರುಗಮ್ಮ ಮೇಸ್ತ್ರಿಯ ಶೆಡ್ಡಿನಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಆ ಶೆಡ್ಡುಗಳಿಗೆಲ್ಲ ಅದೊಂದೇ ಟೀವಿ. ನಮ್ಮ ಹುಲಿಗಿ ಜಮೀನ್ದಾರನ ಮಗ ಆಗ್ಯಾಳ ನೋಡ್ರಲೇ, ಅಂತ ನಗುತ್ತಿದ್ದಳು.

ಆ ದಿನದ್ದು ಹೇಳುತ್ತೇನೆ.

ಕಥೆಯಲ್ಲಿ ಕೂಸು ಸಾಯಬೇಕಿತ್ತು. ಸಾಯುವುದಕ್ಕೆ ಗೊಂಬೆ ತರಿಸಿದ್ದರು. ಯಾವ ಸೆಟ್ಟಿನಲ್ಲೂ ಬದುಕಿರುವ ಕೂಸನ್ನು ಹೆಣ ಮಾಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ಮಾತು. ನಿನಗಿದ್ದದ್ದು ಅದಕ್ಕೆ ಮುಂಚಿನ ಒಂದು ತೊಟ್ಟಿಲ ಸೀನು, ಅಷ್ಟೇ. ನಾನು ಮರೆಮ್ಮನಿಗೆ ಹಿಂದಿನ ದಿನ ಹೇಳಿದ್ದು ಅದನ್ನೇ. ನಾಳಿ ತೊಟ್ಟಲ ಸೀನ್ ಐತಿ, ಎಣ್ಣಿ ಹಚ್ಚಿ ಎರದು ಕೊಡು, ಮಕ್ಕೊಂಡಿರಬೇಕು ಕೂಸು. ಹೇಳಿದಾಗ ಅದು ನಿಜವೇ ಇತ್ತು.

ತೊಟ್ಟಿಲದ್ದು ಬೇಗ ಮುಗಿಯಿತು. ನಿನಗೆ ಗಾಢ ನಿದ್ದೆ, ನನ್ನ ತೊಡೆಯ ಮೇಲಿದ್ದೆ. ಗೊಂಬೆಯನ್ನು ಬಟ್ಟೆ ಸುತ್ತಿ ಮಲಗಿಸಿದರು. ಮಲಗಿಸಿದರೆ ಅದರ ಒಂದು ಕಣ್ಣು ಮುಚ್ಚಿತು, ಒಂದು ಮುಚ್ಚಲಿಲ್ಲ. ಎತ್ತಿ ಅಲ್ಲಾಡಿಸಿ ಮಲಗಿಸಿದರೆ ಆ ಕಣ್ಣು ಮುಚ್ಚಿತು, ಈ ಕಣ್ಣು ತೆರೆಯಿತು. ಲೈಟಿನವರು ನಗಲು ಶುರು ಮಾಡಿದರು. ತಾಯಿ ಪಾತ್ರದ ಹುಡುಗಿ ಬೆಂಗಳೂರಿನವಳು, ಅಳುತ್ತಾ ಬಂದವಳು ಗೊಂಬೆಯ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. ಡೈರೆಕ್ಟರ್ ಗೊಂಬೆಯನ್ನು ಎತ್ತಿ ಮೂಲೆಗೆ ಎಸೆದ.

ಆಮೇಲೆ ಎಲ್ಲರೂ ನನ್ನ ತೊಡೆಯ ಕಡೆ ನೋಡಿದರು.

ಮ್ಯಾನೇಜರ್ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. "ಒಕ್ಕ ಷಾಟೇ, ಪೆದ್ದಮ್ಮಾ. ಮುಖಂ ಮಾತ್ರಮೇ."

ಒಂದೇ ಷಾಟು, ಮುಖ ಮಾತ್ರ. ಗೇಟು ದೂರ ಇರಲಿಲ್ಲ. ಬೇವಿನ ಮರದ ಕೆಳಗೆ ನಿನ್ನ ಅವ್ವ ಕೂತಿದ್ದಳು. ಎದ್ದು ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾಳೆ ಅಂತ ಗೊತ್ತಿತ್ತು, ಬೇಡ ಅಂದರೆ ಮ್ಯಾನೇಜರ್‌ಗೆ ಬೇರೆ ಪೆದ್ದಮ್ಮ ಸಿಗುತ್ತಾಳೆ ಅಂತಲೂ ಗೊತ್ತಿತ್ತು. ಉಗುಳು ನುಂಗುವಷ್ಟು ಹೊತ್ತು ಯೋಚನೆ ಮಾಡಿರಬೇಕು. ಸರಿ ಅಂದೆ.

ಬೆಂಗಳೂರಿನ ಹುಡುಗಿ ಒಬ್ಬಳೇ ಕೇಳಿದಳು. "ಆಂಟಿ, ಮಗು ಅಮ್ಮಂಗೆ ಹೇಳಿದೀರಾ?"

"ಹೇಳೀನ್ರಿ. ಒಪ್ಪ್ಯಾಳ."

ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಂತು ಅಂದರೆ — ನನಗೇ ಅದು ಸುಳ್ಳು ಅನಿಸಲಿಲ್ಲ.

ಒದ್ದೆ ಬಟ್ಟೆಯಿಂದ ನಿನ್ನ ಕೆನ್ನೆಯ ಬೊಟ್ಟು ಒರೆಸಿದೆ. ಸತ್ತವರಿಗೆ ದೃಷ್ಟಿ ಬೊಟ್ಟು ಇರುವುದಿಲ್ಲವಲ್ಲ. ಕರಿದಾರ ಬಟ್ಟೆಯ ಒಳಗೆ ಸೇರಿಸಿದೆ. ಹಣೆಗೆ ಅರಿಶಿನ ಹಚ್ಚಿದರು, ಮೈಮೇಲೆ ಹೂವು ಹಾಕಿದರು. ಮೂಗಿಗೆ ಹತ್ತಿ ಇಡಬೇಕು ಅಂದ ಒಬ್ಬ. ಅದಕ್ಕೆ ಮಾತ್ರ ನಾನು ಬಿಡಲಿಲ್ಲ. ಇದನ್ನು ನನ್ನ ಒಳ್ಳೆಯತನ ಅಂತ ಬರೆಯುತ್ತಿಲ್ಲ. ಉಳಿದದ್ದಕ್ಕೆಲ್ಲ ಬಿಟ್ಟೆ.

ಆ ಹುಡುಗಿಯ ಕಣ್ಣೀರು ನಿನ್ನ ತುಟಿಯ ಮೇಲೆ ಬಿತ್ತು. ನೀನು ನಿದ್ದೆಯಲ್ಲೇ ಚೀಪಿದೆ. ಸತ್ತ ಕೂಸು ಚೀಪಬಾರದು, ಇನ್ನೊಂದು ಸಲ ತೆಗೆದರು. ಎರಡನೆಯ ಸಲ ನೀನು ಅಲುಗಲಿಲ್ಲ. ಆ ಷಾಟೇ ಈಗಲೂ ಜನ ನೋಡುವುದು.

ಸೆಟ್ಟಿನಲ್ಲಿ ಒಂದು ರೂಢಿ ಉಂಟು. ಸತ್ತಂತೆ ಮಲಗಿದವರು ಷಾಟು ಮುಗಿದ ಮೇಲೆ ಹಾಗೆಯೇ ಎದ್ದು ಹೋಗಬಾರದು, ಹೋದರೆ ಅಪಶಕುನ. ಕ್ಯಾಮೆರಾ ನೋಡಿ ನಗಬೇಕು. ಆ ನಗುವನ್ನೂ ತೆಗೆಯುತ್ತಾರೆ, ಎಲ್ಲೂ ತೋರಿಸುವುದಿಲ್ಲ, ಆದರೂ ತೆಗೆಯುತ್ತಾರೆ. ದೊಡ್ಡ ದೊಡ್ಡ ನಟರು ಚಟ್ಟದ ಮೇಲೆ ಎದ್ದು ಕೂತು ಹಲ್ಲು ಕಿಸಿದದ್ದನ್ನು ನಾನು ನೋಡಿದ್ದೇನೆ. ನಿನ್ನನ್ನೂ ನಗಿಸಬೇಕಿತ್ತು. ಕೆನ್ನೆ ತಟ್ಟಿದೆವು, ಪಾದ ಕೆರೆದೆವು, ನೀನು ಏಳಲಿಲ್ಲ — ಎಣ್ಣೆ ನೀರಿನ ನಿದ್ದೆ. ಊಟದ ಹೊತ್ತಾಗಿತ್ತು. ಎದ್ದ ಮೇಲೆ ತೆಗೆದರಾಯಿತು ಅಂದರು. ಊಟ ಆಯಿತು, ಕ್ಯಾಮೆರಾ ಬೇರೆ ಕೋಣೆಗೆ ಹೋಯಿತು. ಇದನ್ನೆಲ್ಲ ನಂಬುವವಳಲ್ಲ ನಾನು. ನಂಬುವವಳಲ್ಲ ಅಂದುಕೊಂಡೇ ನಿನ್ನನ್ನು ಎತ್ತಿಕೊಂಡು ಹೊರಗೆ ಬಂದೆ.

ಮರೆಮ್ಮ ಮೊದಲು ನೋಡಿದ್ದೇ ಕೆನ್ನೆ. "ಬೊಟ್ಟ ಎಲ್ಲಿ ಹೋತ್ರೀ, ದೊಡ್ಡವ್ವ?"

"ಲೈಟಿನ ಶಕಿಗಿ ಕರಗೇತಿ," ಅಂದೆ.

ಅವಳು ಬೆರಳು ತನ್ನ ಕಣ್ಣಿನ ಕಾಡಿಗೆಗೆ ಒತ್ತಿ ನಿನ್ನ ಕೆನ್ನೆಗೆ ಇಟ್ಟಳು.

ಆಮೇಲಿನ ದಿನಗಳಲ್ಲಿ ನಾನು ಆ ಶೆಡ್ಡುಗಳ ಕಡೆ ಸುಳಿಯಲಿಲ್ಲ. ತೆಗೆದದ್ದರಲ್ಲಿ ಎಷ್ಟೋ ಬಿಸಾಡುತ್ತಾರೆ, ಇದನ್ನೂ ಬಿಸಾಡಲಿ ಅಂತ — ಬಿಸಾಡುವುದಿಲ್ಲ ಅಂತಲೂ ಗೊತ್ತಿತ್ತು. ಒಂದು ಸಂಜೆ ಒಲೆಯ ಮೇಲೆ ಅನ್ನಕ್ಕೆ ಇಡುತ್ತಿದ್ದೆ. ಹೊರಗೆ ಗದ್ದಲ ಕೇಳಿಸಿತು. ಬಾಗಿಲಿಗೆ ಬಂದರೆ ದುರುಗಮ್ಮ, ಅವಳ ಮಗ ಹನುಮಂತ, ಮೇಸ್ತ್ರಿ, ಹಿಂದೆ ಶೆಡ್ಡಿನ ಹೆಂಗಸರು. ಮರೆಮ್ಮ ಎಲ್ಲರಿಗಿಂತ ಹಿಂದೆ, ಸೆರಗಿನೊಳಗೆ ನೀನು ಹಾಲು ಕುಡಿಯುತ್ತಿದ್ದೆ.

ಟೀವಿಯಲ್ಲಿ ಬಂದಿತ್ತು. ದುರುಗಮ್ಮ ಎಂದಿನ ಹಾಗೆ ಮುಂದೆ ಕೂತಿದ್ದಳಂತೆ, ಹುಲಿಗಿ ಬರುತ್ತಾಳೆ ಅಂತ ಎಲ್ಲರನ್ನೂ ಕೂಗಿ ಕರೆದಿದ್ದಳಂತೆ. ಅರಿಶಿನ ಹಚ್ಚಿದ ನಿನ್ನ ಮುಖ ಪರದೆ ತುಂಬ ಬಂದಾಗ ಬಾಯಿ ಬಡಿದುಕೊಂಡಳಂತೆ. ಆ ಮುದುಕಿ ಒಂದು ಮೊಮ್ಮಗುವನ್ನು ಹಾಗೆಯೇ ಬಟ್ಟೆ ಸುತ್ತಿ ಕಳಿಸಿದವಳು.

"ಯಕ್ಕಾ, ಒಂದ ಮಾತು ಹೇಳು," ಅಂದಳು. ಕೂಗಲಿಲ್ಲ. "ಈಕಿಗಿ ಗೊತ್ತಿತ್ತೇನು?"

ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡೆ.

"ಮುಂಜಾನಿ ಎದ್ದು ನೀರು ಕಾಸಿ ಎಣ್ಣಿ ಹಚ್ಚಿ ಎರದಾಳ. ಯಾಕ ಇಷ್ಟು ಲಗೂನ ಎರಿಯಾಕತ್ತೀಯವಾ ಅಂತ ಕೇಳೀನಿ ನಾ. ದೊಡ್ಡವ್ವ ಹೇಳ್ಯಾಳ ಅಂದ್ಳು. ಹೆಣಕ್ಕ ಎರದಂಗ ಎರದು ಕಳಿಸ್ಯಾಳ, ಯಕ್ಕಾ. ನೀ ಏನಂತ ಹೇಳಿದ್ದಿ ಈಕಿಗಿ?"

ಹಿಂದಿನಿಂದ ಒಬ್ಬಳು, "ಟೀವ್ಯಾಗ ಬರ್ತದಂದ್ರ ಮಗಳ ಹೆಣಾನೂ ಮಾರತಾರ ಬಿಡು ಈಗಿನ ಹುಡುಗ್ಯಾರು," ಅಂದಳು.

ಮರೆಮ್ಮ ಮುಂದೆ ಬಂದಳು. ಅವಳಿಗೆ ಹೆದರಿಕೆಯೇ ಇರಲಿಲ್ಲ. ನಾನು ಬಾಯಿ ಬಿಟ್ಟರೆ ಮುಗಿಯಿತು ಅಂತ ಅವಳ ಮುಖದಲ್ಲಿತ್ತು. "ದೊಡ್ಡವ್ವ, ನೀವು ತೊಟ್ಟಲ ಅಂದಿದ್ರಿ. ಹೇಳ್ರಿ ಇವರಿಗಿ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ನೋಡು ಅಂಬಮ್ಮ, ನಿಂದೇನಾರ ಇದ್ರ ಈಗಽ ಹೇಳು. ನೀ ಸುಳ್ಳು ಹೇಳಿ ಒಯ್ದಿದ್ದಂದ್ರ ಇನ್ನ ಮ್ಯಾಲ ಇಲ್ಲಿಂದ ಒಂದು ಕೂಸೂ ನಿನ್ನ ಕೈಗಿ ಬರಂಗಿಲ್ಲ."

"ಆಕಿಗಿ ಗೊತ್ತಿತ್ತು," ಅಂದೆ. "ಹೇಳೇ ಒಯ್ದಿದ್ದೆ."

ಅಷ್ಟೇ ಮಾತು.

ಮರೆಮ್ಮ ಜಗಳ ಮಾಡಲಿಲ್ಲ, ದೇವರ ಮೇಲೆ ಆಣೆ ಇಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಅರ್ಥವಾಗದ ಹಾಗೆ — ಬೇರೆ ಯಾರದೋ ಮನೆ ಬಾಗಿಲಿಗೆ ಬಂದವಳ ಹಾಗೆ. ಹನುಮಂತ ಕೈ ಚಾಚಿ ನಿನ್ನನ್ನು ಕಿತ್ತುಕೊಂಡ. ಬಾಯಿಂದ ಮೊಲೆ ತಪ್ಪಿ ನೀನು ಕಿರುಚಿದೆ. ಇಂಥವಳ ಕೈಯಲ್ಲಿ ಕೂಸು ಉಳಿಯುವುದಿಲ್ಲ, ಒಂದನ್ನು ಕಳೆದಳು, ಇದನ್ನು ಬದುಕಿದ್ದಾಗಲೇ ಹೆಣ ಮಾಡಿದಳು, ಅಂದಳು ದುರುಗಮ್ಮ. ತೌರಿಗೆ ಕಳಿಸುವುದು, ಕೂಸು ಇಲ್ಲಿಯೇ ಇರುವುದು ಅಂತ ನನ್ನ ಬಾಗಿಲಲ್ಲೇ ತೀರ್ಮಾನವಾಯಿತು. ಮೇಸ್ತ್ರಿ ತಲೆಯಾಡಿಸಿದ.

ಇಷ್ಟು ದೂರ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಅಂತ ಬರೆಯಬಹುದು. ಬರೆಯುವುದಿಲ್ಲ. ಹನುಮಂತನ ಕೈ ಚಾಚಿದ್ದು ನೋಡಿದೆ. ತೀರ್ಮಾನ ಕೇಳಿದೆ. ಅವರು ಅಂಗಳ ದಾಟುವ ತನಕ ಹೊತ್ತಿತ್ತು. ಕೂಗಿ ಕರೆದು, ಇಲ್ಲ, ನಾ ಹೇಳಿದ್ದು ಸುಳ್ಳು ಅಂತ — ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ನಾನು ಒಳಗೆ ಹೋಗಿ ಮುಚ್ಚಳ ತೆಗೆದೆ.

ಆಮೇಲಿನದು ನಿನಗೆ ಗೊತ್ತು. ನಿನ್ನ ಅಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡ, ಕಾರ್ಖಾನೆಯ ಕೆಲಸ ಸಿಕ್ಕಿತು ಅಂತ ಎಲ್ಲರೂ ಪಟಾನ್‌ಚೆರುವಿಗೆ ಹೋದಿರಿ. ನಾನು ಇನ್ನೂ ಬಹಳ ವರ್ಷ ಕೂಸು ತಂದೆ. ಸೀರಿಯಲ್ ಮುಗಿಯಿತು, ಸೊಂಟ ಬಿದ್ದುಹೋಯಿತು, ಈಗ ಕೋಣೆಯಲ್ಲೇ ಇರುತ್ತೇನೆ. ನಿದ್ದೆ ಬರುವುದಿಲ್ಲ ಅಂತ ಹೇಳುವುದಿಲ್ಲ, ಬರುತ್ತದೆ. ಆದರೆ ಒಂದು ಕಡೆ ಕೂರಲು ಆಗುವುದಿಲ್ಲ. ಕೂತರೆ ಏನೋ ಒಲೆಯ ಮೇಲೆ ಇಟ್ಟು ಮರೆತ ಹಾಗೆ, ಎದ್ದು ಹೋಗಿ ನೋಡಿದರೆ ಒಲೆ ಆರಿರುತ್ತದೆ.

ಮಳೆಗಾಲದ ಮುಂಚೆ ಒಬ್ಬಳು ಹುಡುಗಿ ಫೋನು ಹಿಡಿದು ಬಂದಳು. ಆ ಸೀರಿಯಲ್ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿಗಳು ಅಂತ ಏನೋ ಮಾಡುತ್ತಾಳಂತೆ, ಹಳಬರನ್ನೆಲ್ಲ ಹುಡುಕಿ ಮಾತಾಡಿಸುತ್ತಾಳಂತೆ. ಮೆಟ್ಟಿಲಿನದು ಹೇಳಿದೆ, ಥರ್ಮಾಕೋಲಿನದು ಹೇಳಿದೆ, ಗಂಡು ಕೂಸು ಹೆಣ್ಣಾಗಿತ್ತು ಅಂತ ಹೇಳಿದೆ. ಬಹಳ ನಕ್ಕಳು. ಕೊನೆಗೆ ಕೇಳಿದಳು — ಆ ಸತ್ತ ಕೂಸು ನಿಜದ್ದಾ, ಗೊಂಬೆಯಾ? ಎಲ್ಲರೂ ಕೇಳುತ್ತಾರಂತೆ. ಗೊಂಬೆ ಅನ್ನಬೇಕು ಅಂತ ಮ್ಯಾನೇಜರ್ ಆ ಕಾಲದಲ್ಲೇ ಎಲ್ಲರಿಗೂ ಹೇಳಿಕೊಟ್ಟಿದ್ದ. ಗೊಂಬೆ ಅಂದೆ. ನಗುತ್ತಾ ಅಂದೆ.

ಅದನ್ನು ನೋಡಿ ನೀನು ಬಂದೆ. ಪಟಾನ್‌ಚೆರುವಿನಿಂದ ಬಸ್ಸು ಬದಲಿಸಿ, ವಿಚಾರಿಸಿಕೊಂಡು. ಇಂಟರ್ ಓದುವ ಹುಡುಗಿ, ಬೆನ್ನಿಗೆ ಚೀಲ. ಹೆಸರು ಹೇಳುವ ಮುಂಚೆಯೇ ಗುರುತು ಸಿಕ್ಕಿತು. ಮರೆಮ್ಮನ ಮುಖವೇ, ಗಲ್ಲ ಮಾತ್ರ ದುರುಗಮ್ಮನದು.

"ಅಜ್ಜಿ, ವೀಡಿಯೋದಾಗ ಇದ್ದೋರು ನೀವಽ ಅಲ್ರೀ?" ಅಂದೆ ನೀನು. ನೀರು ಕೊಟ್ಟರೆ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕೂತೆ. "ನಮ್ಮ ಆಯಿ ದುರುಗಮ್ಮ ಹೋದ ವರ್ಷ ತೀರಿಕೊಂಡ್ಳು. ಇರೋತನ ಒಂದಽ ಮಾತು. ನಿಮ್ಮವ್ವ ನಿನ್ನ ಹೆಣ ಮಾಡಿ ಟೀವಿಗಿ ಕೊಟ್ಟಾಳ, ಆಕಿ ಹೆಸರು ತಗೀಬ್ಯಾಡ ಅಂತ. ಆಕಿ ಫೋನ್ ಮಾಡತಾಳ್ರಿ. ನಾ ಎತ್ತಂಗಿಲ್ಲ." ನೀನು ಲೋಟ ಕೆಳಗಿಟ್ಟು ಫೋನು ತೆಗೆದೆ. "ಆ ಸೀನ್ ಎಷ್ಟು ಸಲ ನೋಡೀನಿ, ಅಜ್ಜಿ. ಝೂಮ್ ಮಾಡಿ ಮಾಡಿ. ಖರೇ ಹೇಳ್ರಿ. ಗೊಂಬೀನೋ, ನಾನೋ?"

ನಿನ್ನ ಕಣ್ಣಲ್ಲಿ ಏನಿತ್ತು ಅಂತ ಕಂಡಿತು. ಗೊಂಬೆ ಆಗಿರಲಿ ಅಂತ. ಗೊಂಬೆ ಆಗಿದ್ದರೆ ಅವ್ವ ಏನೂ ಮಾಡಿರಲಿಲ್ಲ ಅಂತ.

"ಗೊಂಬಿ," ಅಂದೆ.

ನೀನು ನಕ್ಕೆ. ಆವತ್ತು ಸೆಟ್ಟಿನಲ್ಲಿ ನಿನ್ನನ್ನು ಎಷ್ಟು ತಟ್ಟಿದರೂ ಬಾರದಿದ್ದದ್ದು. ಈ ದಸರಾ ರಜೆ ಬಿಟ್ಟ ಕೂಡಲೇ ಲಿಂಗಸೂಗೂರಿನ ಬಸ್ಸು ಹತ್ತುತ್ತೇನೆ, ಗೊಂಬೆ ಇತ್ತಂತ ಅವ್ವನಿಗೆ ನಾನೇ ಹೇಳುತ್ತೇನೆ, ಆಕೆಗೂ ಗೊತ್ತಿರಲಿಕ್ಕಿಲ್ಲ ಪಾಪ, ಅಂದೆ. ನನ್ನ ಕಾಲು ಮುಟ್ಟಿ ಹೋದೆ.

ನೀನು ಹೋದ ಮೇಲೆ ತಿಳಿಯಿತು ನಾನು ಮಾಡಿದ್ದು ಏನು ಅಂತ. ನಿನ್ನ ಅವ್ವ ನಿನ್ನ ಮುಂದೆ ಸುಳ್ಳು ಹೇಳುವುದಿಲ್ಲ. ಗೊಂಬೆ ಅಲ್ಲವ್ವಾ, ನೀನೇ, ಆದರೆ ನನಗೆ ತೊಟ್ಟಿಲು ಅಂದಿದ್ದರು ಅನ್ನುತ್ತಾಳೆ. ಆಗ ನೀನು ಯಾರನ್ನು ನಂಬುತ್ತೀಯ? ಗೊಂಬೆ ಅಂದ ಅಜ್ಜಿಯನ್ನೋ, ನೀನೇ ಅಂದ ಅವಳನ್ನೋ? ಅದು ನೀನೇ ಅಂತ ಅವಳೇ ಒಪ್ಪಿಕೊಂಡ ಹಾಗೆ ಆಗುತ್ತದೆ. ಇಷ್ಟು ವರ್ಷದ ಮೇಲೆ ಮಗಳು ಬಾಗಿಲಿಗೆ ಬಂದ ದಿನವೇ — ಎರಡನೆಯ ಸಲವೂ ಅವಳನ್ನು ನಾನೇ ಸುಳ್ಳಿ ಮಾಡಿದ ಹಾಗೆ.

ಅದಕ್ಕೆ ಇದು. ಅದು ಗೊಂಬೆ ಅಲ್ಲ, ಹುಲಿಗಿ. ನೀನೇ. ನಿನ್ನ ಅವ್ವನಿಗೆ ಗೊತ್ತಿರಲಿಲ್ಲ. ಎಣ್ಣೆ ಹಚ್ಚಿ ಎರೆ ಅಂತ ಹೇಳಿದವಳು ನಾನು. ಬೊಟ್ಟು ಒರೆಸಿದವಳು ನಾನು. ಅವಳು ಕೊನೆಗೂ ಮಾಡಿದ್ದು ಒಂದೇ, ಒರೆಸಿ ಹೋದ ಬೊಟ್ಟನ್ನು ತನ್ನ ಕಣ್ಣಿಂದ ತೆಗೆದು ಮತ್ತೆ ಇಟ್ಟದ್ದು. ದಸರಾ ರಜೆಗೆ ಮುಂಚೆ ನಾನೇ ಪಟಾನ್‌ಚೆರುವಿಗೆ ಬಂದು ಇದನ್ನು ನಿನ್ನ ಮುಂದೆ ಓದುತ್ತೇನೆ. ಕಾಗದದಿಂದ ಕಣ್ಣು ಎತ್ತುವುದಿಲ್ಲ. ಎತ್ತಿದರೆ, ನಿನ್ನ ಮುಖ ನೋಡಿದರೆ, ನನ್ನ ಬಾಯಿ ಮತ್ತೆ ಗೊಂಬೆ ಅಂದೀತು. ನೀನು ಬಯ್ಯಿ, ಬಾಗಿಲು ಹಾಕಿಕೋ. ನಿನ್ನಿಷ್ಟ.

ಒಂದು ಉಳಿದಿದೆ. ಇದನ್ನು ಬರೆಯದೆ ಬಿಡೋಣ ಅಂತ ಎಷ್ಟೋ ಸಲ ಅಂದುಕೊಂಡೆ.

ಅವರೆಲ್ಲ ನನ್ನ ಬಾಗಿಲಿಂದ ಹೋದ ಸಂಜೆಯೇ ಮ್ಯಾನೇಜರ್ ಫೋನು ಮಾಡಿದ. ಕೂಸನ್ನು ಸಾಯಿಸಿದ್ದಕ್ಕೆ ಜನ ಚಾನೆಲ್ಲಿಗೆ ಫೋನು ಮಾಡಿ ಬಯ್ಯುತ್ತಿದ್ದಾರಂತೆ, ಕೂಸು ಬದುಕಿ ಬರಬೇಕಂತೆ, ಸತ್ತದ್ದು ಬೇರೆಯವರ ಕೂಸು ಅಂತ ಕಥೆ ತಿರುಗಿಸುತ್ತಾರಂತೆ. ನಾಳೆಗೆ ಅದೇ ಕೂಸು ತಾ ಅಂದ. ಅದು ಆಗುವುದಿಲ್ಲ, ಬೇರೆ ತರುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ಶೆಡ್ಡುಗಳ ಆ ತುದಿಯಲ್ಲಿದ್ದ ಗಂಗಮ್ಮನ ಹತ್ತಿರ ಹೋದೆ. ಅವಳಿಗೂ ಒಂದು ಹೆಣ್ಣು ಕೂಸಿತ್ತು. ಕೊಡುತ್ತಾಳೋ ಇಲ್ಲವೋ ಅಂದುಕೊಂಡಿದ್ದೆ. ಕೊಟ್ಟಳು. "ನೀವು ಮುಚ್ಚಿಡದಂಗ ಹೇಳಿ ಒಯ್ಯೋರು, ದೊಡ್ಡವ್ವ. ನಿನ್ನಿ ನೋಡಿದೆವಲ್ಲ," ಅಂದಳು. ಎಣ್ಣೆ ಹಚ್ಚಿ ಎರೆದು ಕೊಡು ಅಂದೆ. ಎರೆದಳು. ಅವಳಿಗೆ ಆ ದಿನ ಬಿಡುವಿಲ್ಲ, ಕೆಲಸಕ್ಕೆ ಹೋಗಬೇಕಿತ್ತು. ಕೂಸನ್ನು ನಾನೊಬ್ಬಳೇ ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆದೆ.

ಮರೆಮ್ಮ ಅಲ್ಲಿ ನಿಂತಿದ್ದಳು. ಕಾಲ ಹತ್ತಿರ ಒಂದು ಬಟ್ಟೆಯ ಗಂಟು. ಕಳಿಸಲು ಯಾರೂ ಬಂದಿರಲಿಲ್ಲ. ರಾತ್ರಿಯಿಂದ ಯಾರೂ ಕುಡಿಯದ ಹಾಲು, ಕುಪ್ಪಸದ ಮುಂಭಾಗ ಎರಡೂ ಕಡೆ ತೊಯ್ದು ಸೀರೆಗೂ ಇಳಿದಿತ್ತು. ಅವಳು ನನ್ನನ್ನು ನೋಡಲಿಲ್ಲ. ನನ್ನ ಹೆಗಲ ಮೇಲಿನ ಕೂಸಿನ ಒದ್ದೆ ತಲೆಯನ್ನು ನೋಡುತ್ತಿದ್ದಳು.

ಕೂಸು ನಿದ್ದೆಯಲ್ಲಿತ್ತು. ವಾಸನೆ ಬಡಿಯಿತೇನೋ, ಕತ್ತು ಅವಳ ಕಡೆ ತಿರುಗಿಸಿ ಬಾಯಿ ತೆರೆಯಿತು. ನಾನು ಅದರ ಮುಖದ ಮೇಲೆ ಸೆರಗು ಎಳೆದೆ. ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ರಸ್ತೆ ದಾಟಿ ಆಟೋ ಹತ್ತಿದೆ.